ಒಪ್ಪಿಗೆ ಯಾರದ್ದು, ಸಹಿ ಯಾರದ್ದು?

ಮೊಳಕಾಲ್ಮೂರಿನಲ್ಲಿ ಕಾನೂನು ಅರಿವು ಶಿಬಿರ. ವಿಷಯ ಗರ್ಭಪಾತ ಕಾಯ್ದೆ. ಬಂದವರಲ್ಲಿ ಹೆಚ್ಚಿನವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು. ‘ಅನುಮಾನ ಇದ್ದರೆ ಕೇಳಿ’ ಎಂದು ವೇದಿಕೆಯಿಂದ ಹೇಳಿದಾಗ ಒಬ್ಬರೂ ಏಳಲಿಲ್ಲ. ಊಟದ ತಟ್ಟೆ ಹಿಡಿದು ನಿಂತಾಗ ಎಲ್ಲರ ಬಾಯಲ್ಲೂ ಅನುಮಾನಗಳೇ. ಚಳ್ಳಕೆರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಉಪನ್ಯಾಸ ಕೊಟ್ಟ ಯುವ ವಕೀಲೆ ಮತ್ತು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದ ನಿವೃತ್ತ ನರ್ಸಮ್ಮ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತರು. ನರ್ಸಮ್ಮ 80ರ ದಶಕದಲ್ಲಿ ಕೆಲಸಕ್ಕೆ ಸೇರಿ, ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಉಪಕೇಂದ್ರಗಳಲ್ಲಿ ಸೇವೆ ಮುಗಿಸಿದವರು. ಮಾತು ತೆಗೆದವರು ಅವರೇ.

ನರ್ಸಮ್ಮ: ಚೆನ್ನಾಗಿ ಹೇಳಿದೆ ಕಣಮ್ಮ. ಇಪ್ಪತ್ತು ವಾರ, ಇಪ್ಪತ್ನಾಲ್ಕು ವಾರ, ಎಲ್ಲಾ ಬಾಯಿಪಾಠ. ಆದ್ರೆ ಮಾತುಮಾತಿಗೂ ‘ಹಕ್ಕು’ ಅಂದ್ಯಲ್ಲ, ಅದು ಆ ಕಾಯ್ದೆಯಲ್ಲಿ ಯಾವ ಪುಟದಲ್ಲೈತೆ?

ವಕೀಲೆ: ಸಿಕ್ಕಿಹಾಕಿಸಿಬಿಟ್ಟಿರಿ ಅಮ್ಮಾ. ಕಾಯ್ದೆಯಲ್ಲಿ ಹಕ್ಕು ಅಂತ ಎಲ್ಲೂ ಬರೆದಿಲ್ಲ. 1860ರ ದಂಡಸಂಹಿತೆಯ 312ನೇ ಕಲಂ ಪ್ರಕಾರ ಗರ್ಭ ತೆಗೆಸುವುದು ಅಪರಾಧವಾಗಿತ್ತು, ತಾನೇ ತೆಗೆದುಕೊಂಡ ಹೆಂಗಸಿಗೂ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಮಾತು 88ನೇ ಕಲಮಾಗಿ ಉಳಿದುಕೊಂಡಿದೆ. 1971ರ ಕಾಯ್ದೆ ಮಾಡಿದ್ದಿಷ್ಟೇ: ಇಂಥಿಂಥ ಸಂದರ್ಭದಲ್ಲಿ ಡಾಕ್ಟರು ತೆಗೆದರೆ ಅವರ ಮೇಲೆ ಕೇಸಿಲ್ಲ. ರಕ್ಷಣೆ ಸಿಕ್ಕಿದ್ದು ಡಾಕ್ಟರಿಗೆ.

ನರ್ಸಮ್ಮ: ಹಂಗಾದ್ರೆ ಬೆಳಿಗ್ಗೆಯಿಂದ ನಮಗೆ ಸುಳ್ಳು ಹೇಳಿದೆಯಾ?

ವಕೀಲೆ: ಇಲ್ಲ. ಹಕ್ಕು ಬಂದದ್ದು ಕಾಯ್ದೆಯಿಂದಲ್ಲ, ಕೋರ್ಟಿನಿಂದ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಚಾರಕ್ಕೆ ಹಾಕಿದ ಅರ್ಜಿಯಲ್ಲಿ, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಹೆರಬೇಕೋ ಬೇಡವೋ ಅನ್ನುವ ತೀರ್ಮಾನವೂ ಅದರೊಳಗೇ ಬಂತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಮದುವೆಯಾದವಳಿಗೆ ಒಂದು ನ್ಯಾಯ, ಆಗದವಳಿಗೆ ಒಂದು ನ್ಯಾಯ ಕೂಡದು, 24 ವಾರದ ಅವಕಾಶ ಇಬ್ಬರಿಗೂ ಇದೆ ಅಂತ. ಗಂಡನೇ ಬಲವಂತ ಮಾಡಿ ಬಸುರಾದರೂ ಈ ಕಾಯ್ದೆಯ ಮಟ್ಟಿಗೆ ಅದು ಅತ್ಯಾಚಾರವೇ ಅಂತ ಕೂಡ.

ನರ್ಸಮ್ಮ: ಮದುವೆಯಾಗದವಳು ಅಂದ್ರೆ ನಿಮ್ಮ ಬೆಂಗಳೂರಿನ ಹಾಸ್ಟೆಲ್ ಹುಡುಗಿ ಕಣ್ಮುಂದೆ ಬರ್ತಾಳೆ ಅಲ್ವಾ? ನನ್ನ ಕಣ್ಣಿಗೆ ದೇವರಿಗೆ ಬಸವಿ ಬಿಟ್ಟ ಹೆಣ್ಣುಮಕ್ಕಳು ಬರ್ತಾರೆ. ದೇವದಾಸಿ ನಿಷೇಧ ಕಾಯ್ದೆ ಬಂದಿದ್ದು 1982ರಲ್ಲಿ. ಗಂಡ ಅಂತ ಹೇಳಿಕೊಳ್ಳೋಕೆ ಯಾರೂ ಇಲ್ಲದವರು ಆಮೇಲೂ ಎಷ್ಟು ಜನ ಇದ್ರು! 1971ರ ಕಾಯ್ದೆಯಲ್ಲಿ ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಅಂತಲೇ ಇತ್ತಲ್ಲ.

ವಕೀಲೆ: ಗರ್ಭನಿರೋಧಕ ಕೈಕೊಟ್ಟಿದ್ದಕ್ಕೆ ತೆಗೆಸಬೇಕಾದರೆ ಹಾಗಿತ್ತು. 2021ರ ತಿದ್ದುಪಡಿಯಲ್ಲಿ ಅದು ‘ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ’ ಅಂತಾಗಿದೆ. ಐವತ್ತು ವರ್ಷ ಬೇಕಾಯಿತು.

ವಕೀಲೆ ಇನ್ನೊಂದು ಉದಾಹರಣೆ ತೆಗೆದಳು. ಶಿಬಿರದಲ್ಲಿ ಹೇಳಲು ಹೊತ್ತು ಸಾಲದೆ ಬಿಟ್ಟದ್ದು ಅದು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆ ಸೇರಿದರು. 31 ವರ್ಷ, 17 ವಾರದ ಬಸುರಿ. ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರಿಗೆ ಗೊತ್ತಿತ್ತು. ಆದರೆ ಭ್ರೂಣದ ಎದೆಬಡಿತ ಇರುವಷ್ಟು ಹೊತ್ತು ತೆಗೆಯಲಾಗದು ಎಂದರು. ನಂಜೇರಿ 28ರಂದು ಸವಿತಾ ತೀರಿಕೊಂಡರು. ಆ ಸಾವಿಗೆ ಐರ್ಲೆಂಡಿನ ಬೀದಿಗಳು ತುಂಬಿದವು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ಸಂವಿಧಾನದ ನಿಷೇಧವನ್ನು ಕಿತ್ತುಹಾಕಲು ಮತ ಕೊಟ್ಟರು.

ವಕೀಲೆ: ಈಗ ಅಲ್ಲಿ 12 ವಾರದವರೆಗೆ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ನನಗೆ ಬೇಡ ಅಂದರೆ ಸಾಕು. ನಮ್ಮ ಬೆಳಗಾವಿಯಲ್ಲಿ ಇವತ್ತಿಗೂ 12 ದಿನದ ಬಸುರಿಗೂ ಕಾರಣ ಬೇಕು, ಡಾಕ್ಟರು ಒಪ್ಪಬೇಕು. ನಮ್ಮ ಕಡೆಯ ಹೆಣ್ಣುಮಗಳ ಸಾವಿನಿಂದ ಆ ದೇಶಕ್ಕೆ ಸಿಕ್ಕಿದ್ದು ನಮಗೇ ಸಿಕ್ಕಿಲ್ಲ.

ನರ್ಸಮ್ಮ: ಪೂರ್ತಿ ಹೇಳು. ಆಕೆ ಬೆಳಗಾವಿಯಲ್ಲೇ ಇದ್ದಿದ್ರೆ ಬದುಕಿರ್ತಿದ್ದಳು. ಪ್ರಾಣಕ್ಕೆ ಕುತ್ತು ಬಂದ್ರೆ ನಮ್ಮ ಕಾಯ್ದೆಯ 5ನೇ ಕಲಮಿನಲ್ಲಿ ವಾರದ ಲೆಕ್ಕವೇ ಇಲ್ಲ, ಎರಡನೇ ಡಾಕ್ಟರೂ ಬೇಡ. ನೀವು ವಕೀಲರು ಕಾಯ್ದೆಯಲ್ಲಿ ಇಲ್ಲದ್ದನ್ನ ಹುಡುಕ್ತೀರಿ. ಇರೋದು ಇಲ್ಲೇ ತಳಕು ಊರು ದಾಟಿದ್ರೆ ಯಾರಿಗೂ ಗೊತ್ತಿಲ್ಲ. ಇನ್ನು ಡಾಕ್ಟರು ಬೇಡ ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ.

ವಕೀಲೆ: ಡಾಕ್ಟರು ಬೇಡ ಅಂದೆನಾ? ಅವರ ಕೈ ಬೇಕು, ಅಪ್ಪಣೆ ಬೇಡ ಅಂದೆ.

ನರ್ಸಮ್ಮ: ಕೇಳೋಕೆ ಚೆಂದ. ಆದ್ರೆ ಊರಿನಲ್ಲಿ ಎರಡೂ ಇಲ್ಲದಂಗೆ ನಡೀತೈತೆ. ತಿಂಗಳು ನಿಂತರೆ ಗಂಡನೋ ಮೈದುನನೋ ಮೆಡಿಕಲ್ ಶಾಪಿಗೆ ಹೋಗಿ ‘ಕಿಟ್ ಕೊಡಿ’ ಅಂತಾನೆ. ಎಷ್ಟು ವಾರ ಅಂತ ಅವನಿಗೂ ಗೊತ್ತಿಲ್ಲ, ಕೊಡೋನೂ ಕೇಳಲ್ಲ. ಆ ಕಿಟ್ಟಿನ ಗರ್ಭಪಾತದ ಮಾತ್ರೆ 9 ವಾರದೊಳಗೆ, ಡಾಕ್ಟರ ಚೀಟಿ ಇದ್ದು ತಗೊಳ್ಳೋದು. ಗರ್ಭ ಚೀಲದಲ್ಲಿ ಕೂರದೆ ನಳಿಕೆಯಲ್ಲಿ ಕೂತಿದ್ರೆ ಮಾತ್ರೆಗೆ ಅದು ಹೋಗಲ್ಲ, ನಳಿಕೆ ಒಡೆದು ಜೀವಕ್ಕೇ ಬರುತ್ತೆ. ಸೀರೆಯೆಲ್ಲ ರಕ್ತ ಮಾಡಿಕೊಂಡು, ಕಣ್ಣು ಬೆಳ್ಳಗಾಗಿ ಆಟೋದಲ್ಲಿ ಮಲಗಿಸಿಕೊಂಡು ಬಂದವರನ್ನ ನಾನು ನೋಡಿದೀನಿ. ‘ತಾನಾಗೇ ಹೋಯ್ತು’ ಅಂತಲೇ ಎಲ್ಲರೂ ಹೇಳೋದು.

ವಕೀಲೆ: ಲೆಕ್ಕವೂ ಅದನ್ನೇ ಹೇಳುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಪಾತಗಳಲ್ಲಿ ಶೇ 27ರಷ್ಟನ್ನು ಹೆಂಗಸರು ಮನೆಯಲ್ಲೇ ತಾವೇ ಮಾಡಿಕೊಂಡಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಲು ಬೇರೆ ಪರವಾನಗಿಯೇ ಬೇಡ, ಕಾಯ್ದೆಯ ಪ್ರಕಾರ ಅದೇ ಅಧಿಕೃತ ಜಾಗ. ಅಷ್ಟಿದ್ದೂ ಆಸ್ಪತ್ರೆ ಬಿಟ್ಟು ಅಂಗಡಿಗೆ ಯಾಕೆ ಹೋಗುತ್ತಾರೆ? ಅಂಗಡಿಯವನು ‘ಗಂಡ ಬಂದಿದ್ದಾನಾ, ಎಷ್ಟು ಮಕ್ಕಳು, ಯಾಕೆ ಬೇಡ’ ಅಂತ ಕೇಳುವುದಿಲ್ಲ. 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಒಪ್ಪಿಗೆ ಪತ್ರದ ‘ಸಿ’ ನಮೂನೆಯಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಕೌಂಟರಿನಲ್ಲಿ ಮಾತ್ರ ಗಂಡನನ್ನು ಕರೆತಾ ಅಂತಾರೆ.

ನರ್ಸಮ್ಮ: ಯಾಕೆ ಅಂತಾರೆ ಗೊತ್ತಾ? ಮಾರನೇ ದಿನ ಗಂಡ, ಭಾವ, ಊರಿನ ನಾಲ್ಕು ಜನ ಬಂದು ‘ನಮ್ಮ ವಂಶ ತೆಗೆದ್ರಿ’ ಅಂತ ಕೂಗಾಡಿದಾಗ ಎದುರಿಗೆ ನಿಲ್ಲೋಳು ನರ್ಸು. ಕಾನೂನು ಪುಸ್ತಕ ಆಗ ಬಾಗಿಲಿಗೆ ಬರಲ್ಲ.

ವಕೀಲೆ: ಆ ಕಷ್ಟ ನಿಜ. ಅದಕ್ಕೆ ಕಾವಲು ಕೊಡಲಿ. ನರ್ಸಿನ ಭಯಕ್ಕೆ ಬಸುರಿ ಯಾಕೆ ದಂಡ ತೆರಬೇಕು?

ನರ್ಸಮ್ಮ ಮೆಣಸಿನಕಾಯಿ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು ಸುಮ್ಮನೆ ಕೂತರು. ಈ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ, ಅಥವಾ ಇದ್ದ ಉತ್ತರ ಅವರಿಗೇ ಹಿಡಿಸಲಿಲ್ಲ. ಬೇರೆ ಕಡೆಯಿಂದ ಬಂದರು.

ನರ್ಸಮ್ಮ: ಬೆಳಿಗ್ಗೆ ಗುಟ್ಟಿನ ಬಗ್ಗೆ ಹೇಳಿದೆ. ಹೆಸರು ಹೊರಗೆ ಬಿಟ್ರೆ ಒಂದು ವರ್ಷದವರೆಗೆ ಜೈಲು ಅಂದೆ.

ವಕೀಲೆ: 5ಎ ಕಲಂ. ಒಪ್ಪಿಗೆ ಪತ್ರವನ್ನು ಲಕೋಟೆಯಲ್ಲಿ ಅಂಟಿಸಿ ಮೇಲೆ ‘ರಹಸ್ಯ’ ಅಂತ ಬರೆದಿಡಬೇಕು, ರಿಜಿಸ್ಟರೂ ಗುಟ್ಟಾಗಿರಬೇಕು ಅಂತ ನಿಯಮ.

ನರ್ಸಮ್ಮ: ಲಕೋಟೆ ಅಂಟಿಸ್ತಾರೆ ಬಿಡು. ಗೊಲ್ಲರಹಟ್ಟಿಗೆ ಬಾ. ಮುಟ್ಟಾದ ಹೆಂಗಸು ಹಟ್ಟಿಯಿಂದ ಹೊರಗೆ ಇರೋ ಪದ್ಧತಿ ಬಹಳ ಕಡೆ ಇನ್ನೂ ಐತೆ. ಒಂದು ತಿಂಗಳು ಅವಳು ಹೊರಗೆ ಕೂರಲಿಲ್ಲ ಅಂದ್ರೆ, ಅವಳಿಗಿಂತ ಮುಂಚೆ ಹಟ್ಟಿಗೇ ಗೊತ್ತಾಗುತ್ತೆ. ಮೂರನೇ ತಿಂಗಳು ಮತ್ತೆ ಹೊರಗೆ ಕೂತರೆ? ಆವಾಗಲೂ ಗೊತ್ತಾಗುತ್ತೆ. ಯಾವ ಲಕೋಟೆಗೆ ಹಾಕ್ತೀಯ ಅದನ್ನ?

ವಕೀಲೆ: ಹೆತ್ತವಳನ್ನೂ ಕೂಸನ್ನೂ ಹೊರಗಿಡುತ್ತಾರಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಗುಡಿಸಲಿನಲ್ಲಿಟ್ಟ ಹಸುಗೂಸು ಮಳೆಗಾಳಿಗೆ ಸತ್ತೇಹೋಯಿತು.

ನರ್ಸಮ್ಮ: ಅದಕ್ಕೇ ಹೇಳೋದು. ಹೆರೋದೂ ಅವಳ ಕೈಲಿಲ್ಲ, ಹೆರದೆ ಇರೋದೂ ಅವಳ ಕೈಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಸರ್ಕಾರದ ಕೈಲಿತ್ತು. ವರ್ಷಕ್ಕೆ ಇಷ್ಟು ಮಕ್ಕಳಾಗದ ಆಪರೇಷನ್ ಅಂತ ಟಾರ್ಗೆಟ್ ಕೊಡೋರು. ಅದು ನಿಂತಿದ್ದು 1996ರಲ್ಲಿ. ಟಾರ್ಗೆಟ್ ಹೋಯ್ತು, ಆಪರೇಷನ್ ಮಾತ್ರ ಹೆಂಗಸರ ಮೇಲೇ ಉಳೀತು. ಗಂಡಸರಲ್ಲಿ ನೂರಕ್ಕೆ ಒಬ್ಬನೂ ಇಲ್ಲ.

ವಕೀಲೆ: ಆ ಕಾಲಕ್ಕಿಂತ ಹಿಂದೆ ನಾವೇ ಮುಂದಿದ್ದೆವು ಅಮ್ಮಾ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಯಲ್ಲಿ ಜನನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಮಾಡಿತು. ಚಳ್ಳಕೆರೆ, ಮೊಳಕಾಲ್ಮೂರು ಅದೇ ಸಂಸ್ಥಾನದಲ್ಲಿದ್ದವು.

ನರ್ಸಮ್ಮ: ಬೆಂಗಳೂರು, ಮೈಸೂರಿನಲ್ಲಿ ತೆರೆದಿರ್ತಾರೆ. ಇಲ್ಲಿಗೆ ಬರೋಕೆ ಬಸ್ ಸಿಕ್ಕಿರಲ್ಲ.

ಇಬ್ಬರೂ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ನರ್ಸಮ್ಮ ಮಂಡ್ಯದ ಮಾತೆತ್ತಿದರು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆಯ ಜಾಲ ಅದು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ, ಹೆಣ್ಣಾದರೆ ಮೈಸೂರಿನಲ್ಲಿ ಗರ್ಭಪಾತ. ವೈದ್ಯರೂ ಸಿಕ್ಕಿಬಿದ್ದರು, ತನಿಖೆ ಸಿಐಡಿಗೆ ಹೋಯಿತು.

ನರ್ಸಮ್ಮ: ಕಾರಣ ಕೇಳೋದೇ ಬೇಡ ಅಂದ್ಯಲ್ಲ. ಕೇಳದೇ ಹೋದ್ರೆ ಇದಕ್ಕೆ ಬಾಗಿಲು ತೆಗೆದಂಗೆ ಆಗಲ್ವಾ? ಎರಡು ಹೆಣ್ಣಾದ ಮೇಲೆ ಮೂರನೇದನ್ನ ‘ನನಗೆ ಬೇಡ’ ಅಂತಾಳೆ. ಬಾಯಿ ಅವಳದ್ದು, ಮಾತು ಅತ್ತೆಯದ್ದು.

ವಕೀಲೆ: ಸ್ಕ್ಯಾನಿಂಗಿನಲ್ಲಿ ಲಿಂಗ ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ 12 ವಾರ ದಾಟಿರುತ್ತೆ. ಅದರೊಳಗೆ ಕಾರಣ ಕೇಳದಿದ್ದರೆ ಆಲೆಮನೆಯವರಿಗೆ ಲಾಭವೇನೂ ಇಲ್ಲ. ಲಿಂಗ ಪತ್ತೆ ತಡೆಯಲು 1994ರ ಕಾಯ್ದೆ ಬೇರೆಯೇ ಇದೆ, ಅದು ಯಂತ್ರದ ಮೇಲೆ, ಡಾಕ್ಟರ ಮೇಲೆ ಬೀಳಬೇಕು. ನಾವು ಮಾಡುತ್ತಿರುವುದೇನು? ಮಂಡ್ಯ ಸುದ್ದಿಯಾದ ಮೇಲೆ ಆಸ್ಪತ್ರೆಗಳಲ್ಲಿ ಗರ್ಭಪಾತ ಅಂದರೇ ಅನುಮಾನ. ಬೇಡದ ಬಸಿರಿಗೆ ಬಂದವಳೂ ಕಳ್ಳಿಯ ಹಾಗೆ ನಿಲ್ಲಬೇಕು.

ನರ್ಸಮ್ಮ: ಒಂದು ಮಾತು ಕೇಳ್ತೀನಿ, ಹಳೇ ಕಾಲದೋಳು ಅನ್ಕೋಬೇಡ. ಒಳಗಿರೋದೂ ಜೀವ ತಾನೇ? ಏಳು ತಿಂಗಳಿಗೆ ಹುಟ್ಟಿದ ಕೂಸನ್ನ ಬಟ್ಟೆಯಲ್ಲಿ ಸುತ್ತಿ, ತಾಯಿ ಎದೆಗೆ ಒತ್ತಿ ಉಳಿಸಿದೀನಿ. ಅದಕ್ಕಿಂತ ಎರಡು ವಾರ ಚಿಕ್ಕದನ್ನ ತೆಗೀರಿ ಅಂದ್ರೆ ನನ್ನ ಕೈ ಬರಲ್ಲ.

ವಕೀಲೆ: 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಕೈಯೂ ಬರಲಿಲ್ಲ. ಎರಡು ಮಕ್ಕಳ ತಾಯಿ. ಎದೆಹಾಲು ಕೊಡುತ್ತಿದ್ದಾಗ ಮುಟ್ಟು ಬರಲಿಲ್ಲ, ಬಸುರು ಅಂತ ಗೊತ್ತಾಗುವಾಗ ಹೊತ್ತು ಮೀರಿತ್ತು. ಹೆರಿಗೆ ನಂತರದ ಮಾನಸಿಕ ಕಾಯಿಲೆಗೆ ಔಷಧಿ ಬೇರೆ. ಮೊದಲು ಇಬ್ಬರು ನ್ಯಾಯಮೂರ್ತಿಗಳು ಒಪ್ಪಿದರು, ಎರಡು ದಿನಕ್ಕೆ ಅವರಲ್ಲೇ ಭಿನ್ನಾಭಿಪ್ರಾಯ ಬಂತು. ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ಹೆಣ್ಣಿನ ತೀರ್ಮಾನವನ್ನೇ ಗೌರವಿಸಬೇಕು ಅಂದರು. ಕೊನೆಗೆ ಮೂವರ ಪೀಠ 16ನೇ ತಾರೀಖು ಬೇಡ ಅಂತು. ಆಗ 26 ವಾರ ದಾಟಿತ್ತು.

ನರ್ಸಮ್ಮ: ನೋಡು! ಹಾಲೂಡಿಸೋವಾಗ ಬಸುರಾಗಲ್ಲ ಅಂತ ಇಲ್ಲೂ ಎಲ್ಲರೂ ನಂಬಿದಾರೆ. ನಮ್ಮ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕ ಬರೆಸಿದಾನಲ್ಲ, ಜೀವಿಗಳ ಮೇಲೆ ದಯೆ ಇರಲಿ ಅಂತ. ನಾನು ಹೇಳೋದೂ ಅಷ್ಟೇ.

ವಕೀಲೆ: ಅದೇ ಬಂಡೆಯ ಮೇಲೆ ತಂದೆತಾಯಿ ಹೇಳಿದಂತೆ ಕೇಳಬೇಕು ಅಂತಲೂ ಇದೆ. ನಮ್ಮ ಹುಡುಗಿಯರು ಕೇಳುತ್ತಿದ್ದಾರೆ. ಹದಿನೈದಕ್ಕೆ ತಾಳಿಗೆ ಕತ್ತು ಕೊಡುತ್ತಿದ್ದಾರೆ.

ಶಿಬಿರದಲ್ಲಿ ಯಾರೂ ಬಾಯಿ ಬಿಡದ, ಊಟದ ಹೊತ್ತಿನಲ್ಲಿ ಎಲ್ಲರೂ ಪಿಸುಗುಟ್ಟಿದ ಪ್ರಶ್ನೆ ಇದೇ: 18 ತುಂಬದ ಹೆಂಡತಿ ಬಸುರಾದರೆ ಏನು ಮಾಡುವುದು? ಬಾಲ್ಯವಿವಾಹ ಈ ಸೀಮೆಗೆ ಹೊಸದಲ್ಲ, ಅದರ ವಿರುದ್ಧದ ಕಾನೂನೂ ಹೊಸದಲ್ಲ. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಕೂಡದೆಂದು ಮೈಸೂರು ಸಂಸ್ಥಾನ 1894ರಲ್ಲೇ ಕಾಯ್ದೆ ತಂದಿತ್ತು. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಅಂಥ ಮದುವೆ ನಡೆದೇ ಇಲ್ಲ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, 18 ತುಂಬದ ಹೆಂಡತಿಯೊಂದಿಗಿನ ಸಂಬಂಧವೂ ಅತ್ಯಾಚಾರವೇ ಎಂದಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದ ವೈದ್ಯರಿಗೂ ನರ್ಸಿಗೂ ಶಿಕ್ಷೆ ಇದೆ.

ವಕೀಲೆ: ಈಗ ಲೆಕ್ಕ ಹಾಕಿ. ಹದಿನಾರರ ಹುಡುಗಿ ಬಸುರಿ. ಅವಳಿಗೆ ಬೇಡ. ಅವಳ ಸಹಿಗೆ ಬೆಲೆಯಿಲ್ಲ, ಪೋಷಕರ ಸಹಿ ಬೇಕು. ಆ ಪೋಷಕ ಯಾರು? ಮದುವೆ ಮಾಡಿದ ಅಪ್ಪ, ಅವನೇ ಒಬ್ಬ ಆರೋಪಿ. ಸಹಿ ಹಾಕಲು ಆಸ್ಪತ್ರೆಗೆ ಬಂದರೆ ಅವನ ಮೇಲೂ ಕೇಸು, ಅಳಿಯನ ಮೇಲೂ ಕೇಸು. ಯಾರು ಬರುತ್ತಾರೆ ಅಮ್ಮಾ?

ನರ್ಸಮ್ಮ: ಬರಲ್ಲ. ಆಶಾ ತಾಯಿ ಕಾರ್ಡ್ ಬರೆಯೋಕೆ ಹೋದ್ರೆ ‘ಹತ್ತೊಂಬತ್ತು ಅಂತ ಬರ್ಕೊ’ ಅಂತಾರೆ. ಆಧಾರ್ ಕೇಳಿದ್ರೆ ‘ತವರಲ್ಲೈತೆ’ ಅಂತಾರೆ.

ವಕೀಲೆ: ಅದಕ್ಕೇ ವರದಿ ಮಾಡುವ ಕಡ್ಡಾಯ ಸಡಿಲವಾಗಬೇಕು ಅನ್ನುವುದು. 2022ರ ತೀರ್ಪಿನಲ್ಲಿ ಒಂದು ಸಣ್ಣ ದಾರಿ ಇದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬಿಟ್ಟು ಬರೆಯಬಹುದು.

ನರ್ಸಮ್ಮ: ಹೆಸರು ಬಿಟ್ಟು ಬರೆದ್ರೆ, ಮದುವೆ ಮಾಡಿದ ಅಪ್ಪ ಯಾರು ಅಂತ ಹೆಂಗೆ ಹಿಡೀತಾರೆ? ನೀನು ಒಂದು ಬಸುರನ್ನ ನೋಡ್ತಿದೀಯ, ನಾನು ಹಿಂದೆ ಸಾಲಲ್ಲಿ ನಿಂತಿರೋ ತಂಗಿಯರನ್ನ ನೋಡ್ತಿದೀನಿ. ಒಂದು ಊರಿನಲ್ಲಿ ಒಬ್ಬ ವರ ಜೈಲು ಕಂಡ ಅಂದ್ರೆ ಪಕ್ಕದ ನಾಲ್ಕು ಊರಿನವರು ‘ಇನ್ನೆರಡು ವರ್ಷ ಓದ್ಲಿ ಬಿಡು’ ಅಂತಾರೆ. ಭಾಷಣಕ್ಕೆ ಯಾರೂ ನಿಲ್ಲಿಸಲಿಲ್ಲ, ಸರ್ಕಾರದ ಭಾಗ್ಯಲಕ್ಷ್ಮಿ ಬಾಂಡಿನ ದುಡ್ಡಿಗೂ ಎಲ್ಲರೂ ನಿಲ್ಲಿಸಲಿಲ್ಲ. ಭಯಕ್ಕೆ ನಿಲ್ಲಿಸಿದ್ದನ್ನ ಕಂಡಿದೀನಿ. ಅದನ್ನೂ ತೆಗಿ ಅಂತೀಯ.

ವಕೀಲೆ: ಭಯಕ್ಕೆ ಮದುವೆ ನಿಲ್ಲಲಿಲ್ಲ ಅಮ್ಮಾ, ಲಗ್ನಪತ್ರಿಕೆ ಅಚ್ಚಾಗುವುದು ನಿಂತಿತು. ಛತ್ರ ಬಿಟ್ಟು ರಾತ್ರಿ ಗುಡಿಯಲ್ಲಿ ತಾಳಿ ಕಟ್ಟಿಸುತ್ತಾರೆ. ಬಸುರಾದ ಮೇಲೆ ಅದೇ ಭಯಕ್ಕೆ ಸ್ಕ್ಯಾನಿಂಗೂ ಇಲ್ಲ, ಕಬ್ಬಿಣದ ಮಾತ್ರೆಯೂ ಇಲ್ಲ. ಭಯದ ದಂಡ ಕಟ್ಟುವವಳು ಮತ್ತೆ ಆ ಹುಡುಗಿಯೇ. ಅವನು ಜೈಲಿಗೆ ಹೋದರೆ ಅವಳ ಮನೆಗೆ ರೊಟ್ಟಿ ತರುವವರು ಯಾರು?

ನರ್ಸಮ್ಮ: ನೀನು ಹೇಳೋದೂ ನಡೀತೈತೆ. ನಾನು ಹೇಳೋದೂ ನಡೀತೈತೆ.

ವಕೀಲೆ: ನಮ್ಮ ಹೈಕೋರ್ಟಿನ ಧಾರವಾಡ ಪೀಠಕ್ಕೂ ಇದೇ ತಲೆಬಿಸಿ. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಎಷ್ಟೋ ಪ್ರಕರಣ ಬರುತ್ತಿವೆ, ವಯಸ್ಸಿನ ಮಿತಿಯ ಬಗ್ಗೆ ಮತ್ತೆ ಯೋಚಿಸಿ ಅಂತ 2022ರ ನವೆಂಬರಿನಲ್ಲಿ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ತನ್ನ 283ನೇ ವರದಿ ಕೊಟ್ಟು, 18 ಇಳಿಸುವುದು ಬೇಡ ಅಂತು. ಇಳಿಸಿದರೆ ಬಾಲ್ಯವಿವಾಹಕ್ಕೆ ದಾರಿಯಾಗುತ್ತೆ ಅನ್ನುವುದೂ ಅದರ ಒಂದು ಆತಂಕ. 16ರಿಂದ 18ರ ನಡುವೆ ಹುಡುಗಿಗೆ ಸಮ್ಮತಿ ಇದ್ದ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂತು.

ನರ್ಸಮ್ಮ: ಹಂಗಾದ್ರೆ ಆಯೋಗ ನನ್ನ ಕಡೆ, ಧಾರವಾಡ ನಿನ್ನ ಕಡೆ.

ವಕೀಲೆ: ಪೂರ್ತಿ ನನ್ನ ಕಡೆಯೂ ಅಲ್ಲ. ಧಾರವಾಡ ಮಾತಾಡಿದ್ದು ಪ್ರೀತಿಸಿ ಹೋದವರ ಬಗ್ಗೆ. ಅಪ್ಪ ಹಿಡಿದು ಕೊಟ್ಟವಳ ಬಗ್ಗೆ ಅಲ್ಲ.

ಈ ಬರಹ ಬರೆದವರಿಗೆ ತೋಚುವ ಒಂದು ಮಾತು ಇಲ್ಲಿ ಸೇರಿಸಬಹುದು. ಇಬ್ಬರೂ ಹುಡುಗಿಯ ಪರವಾಗಿಯೇ ವಾದಿಸುತ್ತಿದ್ದರು, ಆದರೆ ಇಬ್ಬರ ವಾದದಲ್ಲೂ ಅವಳಿಗೆ ಏನು ಬೇಕು ಎಂದು ಕೇಳುವ ಗಳಿಗೆ ಬರಲೇ ಇಲ್ಲ. ಅದು ಇವರಿಬ್ಬರ ದೋಷವೂ ಅಲ್ಲ. 2024ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ 14ರ ಬಾಲಕಿಯೊಬ್ಬಳಿಗೆ ಸುಮಾರು 30 ವಾರದ ಗರ್ಭ ತೆಗೆಸಲು ಸುಪ್ರೀಂ ಕೋರ್ಟು 22ರಂದು ಒಪ್ಪಿತು. ತಂದೆತಾಯಿ ಮನಸ್ಸು ಬದಲಿಸಿದ್ದರಿಂದ 29ರಂದು ಆದೇಶ ಹಿಂಪಡೆಯಿತು. ವಿವರವಾದ ತೀರ್ಪಿನಲ್ಲಿ ಅಪ್ರಾಪ್ತೆಯ ಅಭಿಪ್ರಾಯ ಪೋಷಕರದ್ದಕ್ಕಿಂತ ಬೇರೆಯಿದ್ದರೆ ಅದಕ್ಕೂ ತೂಕ ಕೊಡಬೇಕೆಂದು ಹೇಳಿತು. ಕಾಯ್ದೆಯ ಅಕ್ಷರ ಮಾತ್ರ ಇನ್ನೂ ಪೋಷಕರ ಸಹಿಯನ್ನೇ ಕೇಳುತ್ತದೆ.

ನರ್ಸಮ್ಮ: ಇನ್ನೊಂದು ಹೇಳು. ಅಂಗಾಂಗ ಸರಿ ಇಲ್ಲ ಅಂತ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಗೊತ್ತಾಗುತ್ತೆ. ಆವಾಗ?

ವಕೀಲೆ: 20 ದಾಟಿ 24 ವಾರದೊಳಗಾದರೆ ಇಬ್ಬರು ಡಾಕ್ಟರು. ಅದು ದಾಟಿದರೆ ವೈದ್ಯಕೀಯ ಮಂಡಳಿ. ಅರ್ಜಿ ಕೊಟ್ಟ ಮೂರು ದಿನದಲ್ಲಿ ಅಭಿಪ್ರಾಯ, ಐದು ದಿನದೊಳಗೆ ಚಿಕಿತ್ಸೆ ಅಂತ ನಿಯಮ.

ನರ್ಸಮ್ಮ: ಮೊಳಕಾಲ್ಮೂರಿನವಳಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಬಳ್ಳಾರಿಗಿಂತ ರಾಯದುರ್ಗ ಹತ್ತಿರ, ಅದು ಆಂಧ್ರ. ಬಳ್ಳಾರಿಗೆ ಹೋಗು ಅಂದ್ರೆ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಡ್ರಿಪ್ ಬಾಟಲಿಯ ದ್ರಾವಣದ ಮೇಲೆ ಅನುಮಾನ ಬಂತಲ್ಲ, ಅದನ್ನ ನೆನೆಸಿಕೊಂಡು ‘ಬೇಡಮ್ಮೋ’ ಅಂತಾರೆ. ಶೇಂಗಾ ಕೀಳೋ ಹೊತ್ತಿನಲ್ಲಿ ಐದು ದಿನ ಕೂಲಿ ಬಿಟ್ಟು ಯಾರು ಹೋಗ್ತಾರೆ?

ವಕೀಲೆ: ಹಾಗಾದರೆ ತಾಲ್ಲೂಕಿನಲ್ಲೇ ಸಿಗುವ ಹಾಗೆ ಕೇಳೋಣ. 9 ವಾರದೊಳಗಿನ ಮಾತ್ರೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ, ತರಬೇತಾದ ಒಬ್ಬ ಡಾಕ್ಟರು ಸಾಕು.

ನರ್ಸಮ್ಮ: ಅದಕ್ಕೆ ನಾನೂ ಸಹಿ ಹಾಕ್ತೀನಿ. ಅದರ ಜೊತೆ ಬಸುರೇ ಆಗದಂಗೆ ಮಾಡೋದನ್ನೂ ಸೇರಿಸು. ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ ಸರ್ಕಾರ ಬಿಟ್ಟಿ ಕೊಡುತ್ತೆ. ಆದ್ರೆ ಪೋಕ್ಸೊ ವಿಚಾರದಲ್ಲಿ ನನ್ನ ಮನಸ್ಸು ಬದಲಾಗಿಲ್ಲ, ತಿಳೀತಾ?

ವಕೀಲೆ: ನನ್ನದೂ ಬದಲಾಗಿಲ್ಲ. ಮುಂದಿನ ಶಿಬಿರ ಸಭಾಂಗಣದಲ್ಲಿ ಬೇಡ, ಹಟ್ಟಿಯಲ್ಲೇ ಮಾಡೋಣ. ನೀವೂ ಬನ್ನಿ, ಇದನ್ನೇ ಎಲ್ಲರ ಮುಂದೆ ಹೇಳಿ.

ನರ್ಸಮ್ಮ: ಗಂಡಸರನ್ನೂ ಕರಿ. ಇವತ್ತು ಮೈಕ್ ಸೆಟ್ಟಿನವನು ಬಿಟ್ರೆ ಒಬ್ಬನೂ ಇರಲಿಲ್ಲ.

ಓದುವವರಿಗೆ ಉಪಯೋಗಕ್ಕೆ ಬರುವ ನಾಲ್ಕು ಸಂಗತಿ. 18 ತುಂಬಿದ ಹೆಣ್ಣಿಗೆ ಗಂಡನದ್ದಾಗಲಿ ಅತ್ತೆಯದ್ದಾಗಲಿ ಸಹಿ ಬೇಕಿಲ್ಲ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಆರೋಗ್ಯದ ಮಾಹಿತಿಗೆ 104, ಬಾಲ್ಯವಿವಾಹ ತಡೆಯಲು 1098. ಆಸ್ಪತ್ರೆಯಲ್ಲಿ ಇಲ್ಲದ ನಿಯಮ ಹೇಳಿ ವಾಪಸ್ ಕಳಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ.